ಕೆನ್ನೆಯೊಳಗಿನ ಬಿಳಿಗೆರೆ

ಅಡಿಕೆಯನ್ನು ಕತ್ತರಿಸಿ ಅದರ ಒಳಗನ್ನು ನೋಡಿ ಇಷ್ಟು ವರ್ಷ ಅನ್ನ ಉಂಡವನು ನಾನು. ಸೊರಬದ ಒಂದು ಮಂಡಿಯಲ್ಲಿ ನನ್ನ ಕೆಲಸ ಇಷ್ಟೇ. ರೈತರು ತಂದಿಳಿಸಿದ ಚೀಲಕ್ಕೆ ಕೈ ಹಾಕುವುದು, ಕೈಗೆ ಸಿಕ್ಕಿದ ಅಡಿಕೆಯನ್ನು ಎರಡು ಹೋಳು ಮಾಡುವುದು, ಕಂದು ಬಣ್ಣದ ನಡುವೆ ಬಿಳಿಗೆರೆ ಹೇಗೆ ಹರಿದಿದೆ ಎಂದು ನೋಡುವುದು, ಒಂದು ಚೂರು ಕಚ್ಚಿ ಉಗಿಯುವುದು, ಆಮೇಲೆ ಇದು ಇಂಥ ದರ್ಜೆಯ ಮಾಲು ಎಂದು ಹೇಳುವುದು. ನಾನು ಹೇಳಿದ ಮೇಲೆ ಮುಗಿಯಿತು. ಯಾರಾದರೂ ಮುಖ ಸಣ್ಣ ಮಾಡಿಕೊಂಡು "ಇನ್ನೊಂದು ಕತ್ತರಿಸಿ ನೋಡ್ರೀ" ಅಂದರೆ ಇನ್ನೊಂದನ್ನು ಕತ್ತರಿಸುತ್ತೇನೆ. ಎರಡನೆಯದೂ ನನ್ನ ಮಾತನ್ನೇ ಹೇಳುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಆದರೆ ಈಗ ಹೇಳುತ್ತಿರುವುದು ಅದಕ್ಕಲ್ಲ. ನನ್ನ ಮಗಳ ಬಾಯೊಳಗೆ ಮೊದಲ ಸಲ ಇಣುಕಿದಾಗಲೂ ನಾನು ಇದೇ ಕಣ್ಣಿನಿಂದ ನೋಡಿದೆ, ಅದಕ್ಕೆ ಹೇಳುತ್ತಿದ್ದೇನೆ.

ಮಗಳು ಆಗ ಒಂಬತ್ತನೇ ಕ್ಲಾಸು. ಒಬ್ಬಳೇ ಮಗಳು. ನನ್ನ ಹೆಂಡತಿಯ ತವರು ಶಿಕಾರಿಪುರ ತಾಲೂಕಿನ ತಾಳಗುಂದದ ಕಡೆ. ಹಾಗಾಗಿ ನಮ್ಮ ಮನೆಯ ಊಟ ಆ ಕಡೆಯದು. ರೊಟ್ಟಿ, ಶೇಂಗಾ ಚಟ್ನಿ, ಅದರ ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ಅರೆದ ಖಾರ. ನಾನು ಮದುವೆಯಾದ ಹೊಸದರಲ್ಲಿ ಆ ಖಾರಕ್ಕೆ ಕಣ್ಣೀರು ಹಾಕಿದವನು. ಮಗಳಿಗೆ ಹಾಗಲ್ಲ, ಹಲ್ಲು ಬಂದಾಗಿನಿಂದ ಅದರ ಮೇಲೇ ಬೆಳೆದಳು. ಅಂಥವಳು ಒಂದು ದಿನ ತಟ್ಟೆಯ ಖಾರವನ್ನು ಬೆರಳಿನಿಂದ ಆಚೆ ದೂಡಿ, ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಂಡು ತಿಂದಳು. ಮಾರನೆಯ ದಿನವೂ ಅದೇ. ಮೂರನೆಯ ದಿನ ಬಸ್‌ಸ್ಟ್ಯಾಂಡಿನಿಂದ ನಾನು ಕಟ್ಟಿಸಿಕೊಂಡು ಬಂದ ಮಿರ್ಚಿ ಬಜ್ಜಿಯನ್ನು ಮುಟ್ಟಲೂ ಇಲ್ಲ.

"ಬಾಯಿ ಉರಿಯತ್ತೆ ಅಪ್ಪಾ" ಅಂದಳು.

"ಉಷ್ಣ ಆಗಿರ್ತೈತಿ" ಅಂದಳು ಹೆಂಡತಿ. ಅವಳ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆ ಎರಡೇ, ಉಷ್ಣ ಮತ್ತು ಶೀತ. ತುಪ್ಪ ಸವರಿದಳು, ಜೇನು ಹಚ್ಚಿದಳು, ಒಣಕೊಬ್ಬರಿ ಅಗಿಯಲು ಕೊಟ್ಟಳು. ಮೆಡಿಕಲ್ ಶಾಪಿನವನು ಕೊಟ್ಟ ಹಳದಿ ಮಾತ್ರೆಯನ್ನೂ ನುಂಗಿಸಿದಳು. ಉರಿ ಕಡಿಮೆಯಾಗಲಿಲ್ಲ. ಆಗ ನಾನು ಮನೆಯ ಯಜಮಾನನ ಗತ್ತಿನಲ್ಲಿ ಎದ್ದು, ಟಾರ್ಚ್ ತಂದು, "ಆ ಅನ್ನು" ಅಂದೆ.

ಎರಡೂ ಕೆನ್ನೆಯ ಒಳಗೆ ಬಿಳಿಗೆರೆಗಳಿದ್ದವು. ಸಣ್ಣ ಸಣ್ಣ ಗೆರೆ, ಒಂದಕ್ಕೊಂದು ಕೂಡಿಕೊಂಡು ಬಲೆಯ ಹಾಗೆ ಹಬ್ಬಿದ್ದವು. ಗೆರೆಗಳ ನಡುವೆ ಅಲ್ಲಲ್ಲಿ ಕೆಂಪು. ಹೆಂಡತಿ ಬೆರಳಿಗೆ ಹತ್ತಿಬಟ್ಟೆ ಸುತ್ತಿಕೊಂಡು ಒರೆಸಿ ನೋಡಿದಳು, ಹೋಗಲಿಲ್ಲ. ಮಗಳು "ಅಮ್ಮಾ!" ಎಂದು ಕಿರುಚಿದಳು. ನನಗೆ ಒರೆಸಿ ನೋಡುವ ಅಗತ್ಯವೇ ಕಾಣಲಿಲ್ಲ. ಕತ್ತರಿಸಿದ ಅಡಿಕೆಯ ಒಳಮೈ ನನ್ನ ಮಗಳ ಕೆನ್ನೆಯಲ್ಲಿ ಹಾಗೆಯೇ ಅಚ್ಚಾಗಿತ್ತು.

ನಾನು ತೀರಾ ದಡ್ಡನಾಗಿ ಯೋಚಿಸಿದೆ ಎಂದು ನೀವು ತಿಳಿಯಬಾರದು. ಮಂಡಿಯಲ್ಲಿ ಚೀಲ ಹೊರುವವರಲ್ಲಿ ಒಬ್ಬ ದಿನವಿಡೀ ಪ್ಯಾಕೆಟ್ಟಿನ ಅಡಿಕೆ ಪುಡಿ ಬಾಯಲ್ಲಿಟ್ಟುಕೊಂಡಿರುತ್ತಿದ್ದ. ಅವನಿಗೆ ಮೊದಲು ಖಾರ ಸೇರದಾಯಿತು, ಆಮೇಲೆ ಕೆನ್ನೆಯ ಒಳಗೆ ಬೆಳ್ಳಗಾಯಿತು, ಆಮೇಲೆ ಬಾಯಿ ಅಗಲಿಸುವುದಕ್ಕೇ ಆಗದೆ ಅನ್ನವನ್ನು ಚಮಚದ ತುದಿಯಲ್ಲಿ ತಿನ್ನುವ ಸ್ಥಿತಿಗೆ ಬಂದ. ಶಾಲೆಯ ಮಕ್ಕಳು ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಅದೇ ಪ್ಯಾಕೆಟ್ಟನ್ನು ಹರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಖಾರ ಸೇರುತ್ತಿಲ್ಲ, ಕೆನ್ನೆ ಬಿಳಿ, ಊರು ಸೊರಬ. ಮೂರನ್ನೂ ಕೂಡಿಸಿದರೆ ಬರುವ ಉತ್ತರ ನನಗೆ ಒಂದೇ ಆಗಿತ್ತು.

"ಎಷ್ಟು ದಿನದಿಂದ ತಿಂತಿದೀಯ?" ಎಂದೆ.

"ಏನನ್ನ?"

"ಏನನ್ನ ಅಂತ ನನ್ನನ್ನೇ ಕೇಳ್ತೀಯಲ್ಲ! ಅಡಿಕೆನ."

ಅವಳು ಮೊದಲು ನಕ್ಕಳು. ಅಪ್ಪ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. "ಇಲ್ಲಪ್ಪಾ, ನಾನು ಯಾಕೆ ತಿನ್ಲಿ? ನಂಗೆ ಅದರ ವಾಸನೆನೇ ಆಗಲ್ಲ" ಅಂದಳು. ನಾನು ಮೂವತ್ತು ವರ್ಷ ರೈತರ ಸುಳ್ಳನ್ನು ಕೇಳಿದವನು. ಮೇಲೆ ಒಳ್ಳೆಯ ಮಾಲು ಹಾಕಿ ಕೆಳಗೆ ಕಸ ತುಂಬಿದ ಚೀಲ ತಂದವರೂ ಹೀಗೆಯೇ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ.

ನಮ್ಮದು ಲಿಂಗ ಪೂಜೆಯ ಮನೆ. ನಮ್ಮ ಮನೆತನದಲ್ಲಿ ಮಾತು ತೀರದೆ ಹೋದರೆ ಲಿಂಗ ಮುಟ್ಟಿ ಹೇಳಿಸುತ್ತಾರೆ. ನಮ್ಮ ಅಜ್ಜನ ಕಾಲದಲ್ಲಿ ಬದುವಿನ ಜಗಳ ಒಂದು ಹಾಗೆಯೇ ತೀರಿತ್ತಂತೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ ಬಂದವನೂ ಲಿಂಗದ ಮೇಲೆ ಕೈ ಇಟ್ಟು ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮಲ್ಲಿ ನಂಬಿಕೆ. ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮಗಳನ್ನು ದೇವರ ಮನೆಗೆ ಕರೆದೆ. ಯೂನಿಫಾರಂ ಹಾಕಿಕೊಂಡು, ಒಂದು ಜಡೆ ಹೆಣೆದು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಲಿಂಗ ಮುಟ್ಟಿ ಹೇಳು. ಹುಟ್ಟಿದಾಗಿನಿಂದ ಈವರೆಗೆ ಒಂದು ಚೂರು ಅಡಿಕೆನೂ ಬಾಯಿಗೆ ಹಾಕಿಲ್ಲ ಅಂತ ಹೇಳು. ಹೇಳಿಬಿಡು, ನಾನು ನಂಬ್ತೀನಿ. ಮತ್ತೆ ಈ ಮಾತೇ ಎತ್ತಲ್ಲ."

ಅವಳು ಕೈ ಮುಂದೆ ಮಾಡಿದಳು. ಬೆರಳು ಲಿಂಗದಿಂದ ಒಂದು ಗೇಣು ದೂರ ಇದ್ದಾಗ ಕೈ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು.

"ಹಂಗೆ ಹೇಳೋಕೆ ಆಗಲ್ಲ ಅಪ್ಪಾ" ಅಂದಳು.

"ಅಂದ್ರೆ ತಿಂದಿದೀಯ."

"ಹಂಗಲ್ಲ, ನೀನು ಹೇಳ್ತಿರೋದು..."

ನಾನು ಕೈ ಎತ್ತಿದೆ. ಹೊಡೆಯುವುದಕ್ಕಲ್ಲ, ಸಾಕು ಎನ್ನುವುದಕ್ಕೆ. ಮಂಡಿಯಲ್ಲಿ ನಾನು ಹಾಗೆ ಕೈ ಎತ್ತಿದರೆ ಮಾತು ಅಲ್ಲಿಗೆ ಮುಗಿಯಿತು ಎಂದು ಅರ್ಥ. ಅವಳಿಗೂ ಅದು ಗೊತ್ತಿತ್ತು. ಬಿಟ್ಟ ಜಡೆಯನ್ನು ಹಾಗೆಯೇ ಬಿಟ್ಟುಕೊಂಡು ಶಾಲೆಗೆ ಹೋದಳು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಆ ದಿನ ನನ್ನ ಬುತ್ತಿಗೆ ಬರೀ ಅನ್ನ ಮಜ್ಜಿಗೆ.

ನನಗೆ ಸಂಕಟವಾಯಿತು. ಅದನ್ನು ಒಪ್ಪಿಕೊಳ್ಳುತ್ತೇನೆ. ಮಂಡಿಯಲ್ಲಿ ಕೂತು ಇಡೀ ದಿನ ಅವಳ ಹಿಂದೆ ಸರಿದ ಕೈಯನ್ನೇ ನೆನೆಸಿಕೊಂಡೆ. ಸುಳ್ಳು ಹೇಳದೆ ಹೋದಳಲ್ಲ, ಅಷ್ಟಾದರೂ ನನ್ನ ಮಗಳು ಎಂದು ಸಮಾಧಾನ ಮಾಡಿಕೊಂಡೆ. ಸಂಕಟವಾದ ಗಂಡಸು ಏನು ಮಾಡುತ್ತಾನೆ? ಕಾನೂನು ಮಾಡುತ್ತಾನೆ. ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಮಂಡಿಗೆ ಬಂದು ನನ್ನ ಪಕ್ಕ ಕೂರುವ ರೂಢಿಯಿತ್ತು, ಅದನ್ನು ನಿಲ್ಲಿಸಿದೆ. ಸ್ಕೂಲ್ ಬ್ಯಾಗನ್ನು ದಿನಾ ಸಂಜೆ ನೆಲದ ಮೇಲೆ ಸುರುವಿ ನೋಡಿದೆ. ಕಂಪಾಸ್ ಬಾಕ್ಸು, ಎರಡು ಹುಣಸೆಬೀಜ, ರಬ್ಬರ್‌ಬ್ಯಾಂಡು. ಆಮೇಲೆ "ಊದು" ಎನ್ನುತ್ತಿದ್ದೆ. ಅವಳು ಊದುತ್ತಿದ್ದಳು. ನಾನು ಮೂಸುತ್ತಿದ್ದೆ.

ಒಂದು ಸಂಜೆ ನಿಜವಾಗಿಯೂ ಅಡಿಕೆಯ ವಾಸನೆ ಬಂತು. "ನೋಡೇ, ಬಂತು ನೋಡು!" ಎಂದು ಹೆಂಡತಿಯನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು, "ನಿಮ್ಮ ಬಾಯಾಗ ಏನೈತಿ ಅಂತ ಮೊದಲು ನೋಡ್ಕೊಳ್ರಿ" ಅಂದಳು. ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಹಾಕಿಕೊಂಡದ್ದು ಸಂಜೆಯವರೆಗೂ ಮುಂದುವರಿಯುವುದು ನನ್ನ ಅಭ್ಯಾಸ. ನಾನು ದೊಡ್ಡವನು, ನನ್ನದು ಕಸುಬು, ಅದು ಬೇರೆ ಮಾತು ಎಂದು ಹೇಳಿದೆ. ಬಾಯಿ ತುಂಬಿದ್ದರಿಂದ ಮಾತು ಅಷ್ಟು ಸ್ಪಷ್ಟವಾಗಿ ಬರಲಿಲ್ಲ.

ಇಷ್ಟರಲ್ಲಿ ಮಗಳು ಇಳಿದುಹೋಗುತ್ತಿದ್ದಳು. ಮೊಸರನ್ನ, ಹಾಲು ರೊಟ್ಟಿ, ಬಾಳೆಹಣ್ಣು, ಇಷ್ಟೇ ಅವಳ ಊಟ. ಟೊಮೇಟೊ ಹಾಕಿದ ಸಾರೂ ಸೇರುತ್ತಿರಲಿಲ್ಲ. ಹಲ್ಲುಜ್ಜುವಾಗ ಪೇಸ್ಟಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಯೂನಿಫಾರಂನ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಹೆಂಡತಿ ಪಿನ್ನು ಹಾಕಿ ಕಳಿಸುತ್ತಿದ್ದಳು. ಮಣಿಕಟ್ಟಿನ ಒಳಗಡೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು ಎದ್ದು ತುರಿಸುತ್ತಿದ್ದವು. ಅದಕ್ಕೆ ಬಳೆ ಕಾರಣವೆಂದು ತೀರ್ಮಾನಿಸಿ ಬಳೆ ತೆಗೆಸಿದ್ದೆವು. ಒಂದೇ ಹುಡುಗಿಯ ಕೈ ಮತ್ತು ಬಾಯಿಗೆ ಸಂಬಂಧ ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಅಡಿಕಿ ತಿನ್ನೋ ಹುಡುಗಿ ಹಿಂಗ ಸೊರಗ್ತಾಳೇನ್ರೀ? ನೀವೇನು ಸೊರಗಿಲ್ಲಲ್ಲ!" ಎಂದು ಹೆಂಡತಿ ಜಗಳಕ್ಕೆ ಬಂದಳು. ನಾನು ಜಗಳವನ್ನು ಒಂದೇ ಏಟಿಗೆ ಮುಗಿಸಬೇಕೆಂದು, ಶಿಕಾರಿಪುರದ ಒಂದು ಹಾಸ್ಟೆಲಿನ ಅರ್ಜಿ ತಂದು ಮೇಜಿನ ಮೇಲಿಟ್ಟೆ. ಹುಡುಗಿಯರ ಹಾಸ್ಟೆಲು, ಬಲವಾದ ಶಿಸ್ತು, ಗೇಟಿನ ಹೊರಗೆ ಅಂಗಡಿಯಿಲ್ಲ. ಹತ್ತನೇ ಕ್ಲಾಸನ್ನು ಅಲ್ಲಿಯೇ ಓದಲಿ, ಚಟವೂ ಬಿಡುತ್ತದೆ ಎಂದೆ. ಮಗಳು ಅರ್ಜಿಯನ್ನು ಪೂರ್ತಿ ಓದಿದಳು.

"ಅಲ್ಲಿ ಖಾರ ಇಲ್ದೆ ಊಟ ಕೊಡ್ತಾರಾ?" ಎಂದು ಕೇಳಿದಳು.

ಅದನ್ನು ನಾನು ಕೇಳಿರಲಿಲ್ಲ, ಗೊತ್ತಿರಲಿಲ್ಲ. ಅವಳು ಅಳಲೂ ಇಲ್ಲ. ಅತ್ತಿದ್ದರೆ ಒಳ್ಳೆಯದಿತ್ತು, ನಾನು ಒಂದಿಷ್ಟು ಬೈದು ಆಮೇಲೆ ಕರಗುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.

ಅರ್ಜಿ ಕೊಡಲು ಮೂವರೂ ಹೊರಟೆವು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು. ಅಮ್ಮ ಮಗಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ, ತೊಡೆಯ ಮೇಲೆ ಅರ್ಜಿಯ ಕವರು. ಶಿರಾಳಕೊಪ್ಪ ದಾಟಿ ಎರಡೂ ಕಡೆ ಮೆಕ್ಕೆಜೋಳ ಶುರುವಾದಾಗ ಹೆಂಡತಿ ತಿರುಗಿ, "ಮೊದ್ಲು ಹಲ್ಲಿನ ಡಾಕ್ಟರಿಗೆ ತೋರ್ಸೋಣ್ರಿ. ನಮ್ಮಕ್ಕ ಹೇಳ್ಯಾಳ, ಚಲೋ ನೋಡ್ತಾರಂತ. ತೋರಿಸಿದ ಮ್ಯಾಲ ನಿಮ್ಮ ಹಾಸ್ಟೆಲಿಗೆ ಬೇಕಾದ್ರ ನನ್ನನ್ನೂ ಸೇರಿಸ್ರಿ" ಅಂದಳು. ಕಂಡಕ್ಟರು ಕಿವಿ ನಿಮಿರಿಸಿದ್ದರಿಂದ ನಾನು ಆಯ್ತು ಎಂದೆ. ಡಾಕ್ಟರೂ ಅಡಿಕೆ ಅಂತಲೇ ಹೇಳುತ್ತಾರೆ, ಇವಳ ಬಾಯಿ ಮುಚ್ಚುತ್ತದೆ ಎಂಬ ಲೆಕ್ಕ ನನ್ನದು.

ಡಾಕ್ಟರು ಹೆಣ್ಣುಮಗಳು, ಇನ್ನೂ ಚಿಕ್ಕ ವಯಸ್ಸು. ಮಗಳನ್ನು ಕುರ್ಚಿಯ ಮೇಲೆ ಮಲಗಿಸಿ ಏನಾಗ್ತಿದೆ ಎಂದು ಕೇಳಿದರು. "ಅಡಿಕೆ ಮೇಡಂ" ಎಂದು ನಾನು ಶುರು ಮಾಡಿದೆ.

"ನೀವು ಸ್ವಲ್ಪ ಸುಮ್ನಿರಿ. ಬಾಯಿ ಅವಳದು, ಅವಳೇ ಹೇಳ್ಲಿ" ಅಂದರು.

ಮಗಳು ಹೇಳಿದಳು. ಯಾವ ಊಟಕ್ಕೆ ಉರಿಯುತ್ತದೆ, ಯಾವುದಕ್ಕೆ ಇಲ್ಲ, ಯಾವ ಕೆನ್ನೆಯಲ್ಲಿ ಹೆಚ್ಚು, ಯಾವಾಗ ಕಡಿಮೆ ಇತ್ತು. ಅಷ್ಟು ವಿವರ ಅವಳ ಹತ್ತಿರ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಮಣಿಕಟ್ಟು ತಿರುಗಿಸಿ ನೋಡಿದರು, ಕಾಮಾಲೆ ಬಂದಿತ್ತಾ, ಯಾವುದಾದರೂ ಮಾತ್ರೆ ದಿನಾ ತಗೊಳ್ತಾಳಾ ಎಂದು ಹೆಂಡತಿಯನ್ನು ಕೇಳಿದರು. ಕೊನೆಗೆ ಮಗಳನ್ನು ಕೇಳಿದರು, "ಅಡಿಕೆ, ಪ್ಯಾಕೆಟ್ಟು ಏನಾದ್ರೂ ತಿಂದಿದೀಯಾ ಅಮ್ಮ? ತಿಂದಿದ್ರೆ ಹೇಳು, ಯಾರೂ ಬೈಯಲ್ಲ."

"ಒಂದೇ ಸಲ" ಅಂದಳು ಮಗಳು.

ನಾನು ಹೆಂಡತಿಯ ಕಡೆ ತಿರುಗಿದೆ. ಹೇಗೆ, ಎಂಬಂತೆ.

"ಏಳನೇ ಕ್ಲಾಸಲ್ಲಿ. ಅಪ್ಪನ ಮಂಡಿಯಲ್ಲಿ. ಕಚ್ಚಿ ನೋಡು, ಮಾಲು ಎಂಥದ್ದು ಅಂತ ಗೊತ್ತಾಗತ್ತೆ ಅಂತ ಅಪ್ಪನೇ ಕೊಟ್ಟಿದ್ರು. ಕಚ್ಚಿ ಉಗಿದೆ. ಮತ್ತೆ ಯಾವತ್ತೂ ಇಲ್ಲ."

ಅಯ್ಯೋ ಶಿವನೇ, ಹೌದು. ಬೇಸಿಗೆ ರಜೆ. ನಾನೇ ಕತ್ತರಿಸಿ, ನಾನೇ ಒಂದು ಚೂರು ಅವಳ ಅಂಗೈಯಲ್ಲಿಟ್ಟಿದ್ದೆ. ಅವಳು ಕಚ್ಚಿ, ಮುಖ ಕಿವುಚಿ ಉಗಿದು, "ಇದು ಹಳೇದು" ಎಂದಿದ್ದಳು. ಸರಿಯಾಗಿಯೇ ಹೇಳಿದ್ದಳು. ಮೂಗು ಕಣ್ಣು ನಿನ್ನದೇ ನೋಡು ಎಂದು ಸುತ್ತಲಿದ್ದವರೆಲ್ಲ ಅಂದಾಗ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಆಮೇಲೆ ಮರೆತೆ. ಒಂದು ಚೂರೂ ಬಾಯಿಗೆ ಹಾಕಿಲ್ಲ ಎಂದು ಲಿಂಗದ ಮುಂದೆ ಹೇಳಿಸಹೊರಟವನೂ ನಾನೇ.

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ನೀನು?" ಎಂದೆ. ದನಿ ಜೋರಾಯಿತು. ತಪ್ಪು ನನ್ನದಾದಾಗ ನನ್ನ ದನಿ ಜೋರಾಗುತ್ತದೆ.

"ಹೇಳೋಕೆ ಬಂದೆ. ನೀನು ಕೈ ಎತ್ತಿದೆ" ಅಂದಳು. ಆಮೇಲೆ ಡಾಕ್ಟರ ಕಡೆ ನೋಡಿ, "ಲಿಂಗ ಮುಟ್ಟಿ ಸುಳ್ಳು ಹೇಳಬಾರ್ದು ಅಂತ ಇವರೇ ಹೇಳಿಕೊಟ್ಟಿದ್ದು" ಎಂದಳು. ಡಾಕ್ಟರಿಗೆ ಇದೆಲ್ಲ ಏನೂ ಅರ್ಥವಾಗಲಿಲ್ಲ. ಹೆಂಡತಿಗೆ ಎಲ್ಲ ಅರ್ಥವಾಯಿತು.

ಡಾಕ್ಟರು ಮಗಳಿಗೆ ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯೊಳಗೆ ಇಡಲು ಹೇಳಿದರು. ಸಲೀಸಾಗಿ ಹೋಯಿತು, ಇನ್ನೂ ಜಾಗ ಇತ್ತು. ಅಡಿಕೆಯ ಕಾಯಿಲೆಯಾದರೆ ಕೆನ್ನೆ ಬಿರುಸಾಗಿ ಬಾಯಿ ತೆರೆಯುವುದೇ ಕಷ್ಟ, ಇವಳ ಕೆನ್ನೆ ಮೆತ್ತಗಿದೆ, ಗೆರೆಯ ನಮೂನೆಯೂ ಬೇರೆ ಎಂದರು. ಹಾಗೆ ಹೇಳುತ್ತಾ ನನ್ನ ತುಟಿ ನೋಡಿದರು. "ನೀವೂ ಒಂದ್ಸಲ ಇಟ್ಟು ತೋರಿಸಿ." ನಾನು ಮೂರು ಬೆರಳು ಜೋಡಿಸಿದೆ. ಎರಡು ಹೋದವು. ಮೂರನೆಯದನ್ನು ಒತ್ತಿ ನೋಡಿದೆ, ಹೋಗಲಿಲ್ಲ. ಡಾಕ್ಟರು ಇನ್ನೊಂದು ಚೀಟಿ ತೆಗೆದುಕೊಂಡು ಅದರ ಮೇಲೆ ನನ್ನ ಹೆಸರು ಕೇಳಿದರು.

ಇಷ್ಟಾದ ಮೇಲೆ ನಾನು ಮಗಳ ತಲೆ ಸವರಿ ಎದ್ದು ಬರಬೇಕಿತ್ತು. ಬರಲಿಲ್ಲ. ಮಕ್ಕಳಲ್ಲಿ ಇಂಥ ಗೆರೆ ಅಪರೂಪ, ಖಾತ್ರಿಗೆ ಕೆನ್ನೆಯಿಂದ ಸಣ್ಣ ಚೂರು ತೆಗೆದು ಶಿವಮೊಗ್ಗಕ್ಕೆ ಪರೀಕ್ಷೆಗೆ ಕಳಿಸುವುದು ಒಳ್ಳೆಯದು, ವಿಚಾರ ಮಾಡಿ ಹೇಳಿ ಎಂದು ಡಾಕ್ಟರು ಅಂದಾಗ, "ವಿಚಾರ ಏನು ಮೇಡಂ, ಕತ್ತರಿಸಿ ನೋಡಿಬಿಡಿ" ಎಂದೆ. ಅಷ್ಟು ಬೇಗ ಹೇಳಿದ್ದಕ್ಕೆ ಮಗಳ ಕಾಯಿಲೆಯ ಚಿಂತೆ ಒಂದು ಕಾರಣ. ಇನ್ನೊಂದು ಕಾರಣ ನನಗೆ ಗೊತ್ತು. ಕತ್ತರಿಸಿ ನೋಡದ ಮಾಲಿನ ಮೇಲೆ ನನಗೆ ನಂಬಿಕೆ ಇಲ್ಲ.

ಎಳ್ಳಿಗಿಂತ ಸ್ವಲ್ಪ ದೊಡ್ಡ ಚೂರು. ಸೂಜಿ ಚುಚ್ಚಿ ಮರಗಟ್ಟಿಸಿ ತೆಗೆದರು, ಎರಡು ಹೊಲಿಗೆ ಹಾಕಿದರು. ಮಗಳು ಅಮ್ಮನ ಕೈ ಹಿಡಿದುಕೊಂಡಿದ್ದಳು. ಇನ್ನೊಂದು ಕೈ ಖಾಲಿ ಇತ್ತು. ನಾನು ಆ ಕಡೆಯೇ ನಿಂತಿದ್ದೆ, ಆದರೆ ಅದನ್ನು ಅವಳು ಮುಷ್ಟಿ ಕಟ್ಟಿಕೊಂಡಿದ್ದಳು. ಹಾಸ್ಟೆಲಿನ ಅರ್ಜಿ ಏನು ಮಾಡುವುದೆಂದು ಹೆಂಡತಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು. "ರಿಪೋರ್ಟ್ ಬರ್ಲಿ, ನೋಡೋಣ" ಎಂದೆ. ಅವಳು ಆಮೇಲೆ ಸೊರಬ ಬರುವವರೆಗೂ ಮಾತಾಡಲಿಲ್ಲ. ಮಗಳಿಗಂತೂ ಹೊಲಿಗೆ ಇತ್ತು.

ರಿಪೋರ್ಟ್ ಬರುವವರೆಗೆ ನಾನು ಅವಳಿಗೆ ಊದು ಎನ್ನಲಿಲ್ಲ. ಬ್ಯಾಗು ಸುರುವಲಿಲ್ಲ. ಅವಳೇ ಶಾಲೆಯಿಂದ ಬಂದು ಬ್ಯಾಗನ್ನು ನನ್ನ ಮುಂದೆ ಇಟ್ಟು, ಜಿಪ್ಪು ತೆಗೆದು, ಕೈ ಕಾಲು ತೊಳೆಯಲು ಹೋಗುತ್ತಿದ್ದಳು. ತೆರೆದ ಬ್ಯಾಗಿನ ಮುಂದೆ ಕೂತಿರುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಎರಡನೇ ಸಲ ಹೋದಾಗ ಡಾಕ್ಟರು ಕಾಗದ ತೋರಿಸಿದರು. ಕಾಯಿಲೆಯ ಹೆಸರು ಲೈಕೆನ್ ಪ್ಲೇನಸ್. ಮಸಾಲೆಗೆ ಹಾಕುವ ಕಲ್ಲುಹೂವು ಗೊತ್ತಲ್ಲ, ಬಂಡೆಯ ಮೇಲೆ, ಮರದ ಮೇಲೆ ಹಬ್ಬುತ್ತದಲ್ಲ, ನೋಡಲು ಹಾಗಿರುತ್ತದೆಂದು ಆ ಹೆಸರು, ಒಳಗೆ ನಿಜವಾಗಿ ಏನೂ ಬೆಳೆದಿಲ್ಲ ಎಂದರು. ದೊಡ್ಡವರಲ್ಲಿ ಕಾಣುತ್ತೇವೆ, ಈ ವಯಸ್ಸಿನವರಲ್ಲಿ ಕಡಿಮೆ. ಕೈಯ ಗುಳ್ಳೆಯೂ ಅದೇ. ಅಂಟುರೋಗವಲ್ಲ. ಯಾಕೆ ಬಂತು ಅಂದರೆ ಹೇಳುವುದು ಕಷ್ಟ.

"ಏನಾಗಿದೆ ಅಂದ್ರೆ, ಮೈ ಕಾಯೋಕೆ ಅಂತ ಒಳಗೊಂದು ಸೈನ್ಯ ಇರುತ್ತೆ. ಅದು ಹೊರಗಿಂದ ಬಂದವರನ್ನ ಹಿಡೀಬೇಕು. ಇವಳಲ್ಲಿ ಅದು ಮನೆಯವರನ್ನೇ ಕಳ್ಳರು ಅಂತ ತಿಳ್ಕೊಂಡು ಬಡೀತಿದೆ. ಅದಕ್ಕೇ ಉರಿ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ದವಡೆಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಹಾಗಾದ್ರೆ ಅಡಿಕೆ..." ಎಂದೆ.

"ಅಡಿಕೆ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಇವಳು ತಿಂದಿಲ್ಲ. ತಿಂದಿದ್ರೂ ಇದು ಅದಲ್ಲ. ನೀವು ಮೊದ್ಲು ನಿಮ್ಮದನ್ನ ಬಿಡಿ."

ಮುಲಾಮು ಬರೆದುಕೊಟ್ಟರು. ಊಟವಾದ ಮೇಲೆ ಕೆನ್ನೆಯ ಒಳಗೆ ತೆಳ್ಳಗೆ ಹಚ್ಚಬೇಕು, ಅರ್ಧ ಗಂಟೆ ನೀರೂ ಕುಡಿಯಬಾರದು. ಖಾರ, ಹುಳಿ ಸದ್ಯಕ್ಕೆ ಬೇಡ. ಮೆತ್ತನೆಯ ಬ್ರಷ್ಷು. ಉರಿ ಕಡಿಮೆಯಾಗುತ್ತದೆ, ಮತ್ತೆ ಬರಬಹುದು, ಮತ್ತೆ ಹೋಗಬಹುದು, ಗೆರೆ ಪೂರ್ತಿ ಹೋಗಿಬಿಡುತ್ತದೆಂದು ಮಾತು ಕೊಡಲಾರೆ. ಹೆದರಬೇಕಾಗಿಲ್ಲ, ಆದರೆ ಆಗಾಗ ಬಂದು ತೋರಿಸಬೇಕು. ಮನೆಯಲ್ಲೂ ವಾರಕ್ಕೊಮ್ಮೆ ಬೆಳಕು ಬಿಟ್ಟು ನೋಡಿ, ಹೊಸದಾಗಿ ಹುಣ್ಣಾದರೆ, ದಪ್ಪವಾದರೆ ಬನ್ನಿ ಎಂದರು. ನೋಡುವ ಕೆಲಸ ಅಂದಾಗ ನಾನು ತಕ್ಷಣ "ನಾನು ನೋಡ್ತೀನಿ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದೆ, "ನೀನು ಅಡಿಕೆ ತಿಂದಿರಲಿಲ್ವಂತೆ."

"ನಂಗೆ ಗೊತ್ತು" ಅಂದಳು.

ಹೆಂಡತಿಗೆ ಅಲ್ಲಿಗೆ ತಡೆಯಲಾಗಲಿಲ್ಲ. "ಅಲ್ರೀ, ಮಗಳು ತಿಂಗಳುಗಟ್ಲೆ ಬಡ್ಕೊಂಡ್ಲು, ನಂಬಲಿಲ್ಲ. ಅದರ ಕೆನ್ನಿ ಕೊಯ್ಸಿ ಕೇಳಿದ್ರಿ, ಆಗ ನಂಬಿದ್ರಿ. ಎಂಥಾ ಮನುಷ್ಯಾರ್ರೀ ನೀವು!" ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಅಂದಳು. ಒಬ್ಬ ಮುದುಕ ಕುರಿಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನೂ ನನ್ನನ್ನು ನೋಡಿದ, ಮರಿಯೂ ನೋಡಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಗಿ ಮಗಳಿಗೆ ಐಸ್‌ಕ್ರೀಮ್ ತಂದೆ. ಅದು ಉರಿಯುವುದಿಲ್ಲ ಎಂದು ಅವಳು ಡಾಕ್ಟರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ತಿಂದಳು. "ತಪ್ಪಾಯ್ತು ಮಗಾ" ಎಂದೆ. ಚಮಚ ಬಾಯಲ್ಲಿಟ್ಟುಕೊಂಡೇ "ಆಯ್ತಪ್ಪಾ" ಅಂದಳು. ಅರ್ಜಿಯ ಕವರನ್ನು ಹೆಂಡತಿ ನನ್ನ ಕೈಯಿಂದ ಕಿತ್ತುಕೊಂಡಳು. ಮಾರನೆಯ ದಿನ ಅದರಲ್ಲಿ ಒಲೆ ಹೊತ್ತಿಸಿದಳು, ನನಗೆ ಕಾಣುವ ಹಾಗೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಲಾಮು ಕೆಲಸ ಮಾಡಿತು. ಮಗಳು ಸ್ವಲ್ಪ ಸ್ವಲ್ಪ ತುಂಬಿಕೊಂಡಳು, ಪಿನ್ನು ಹೋಯಿತು. ನಾನು ಎಲೆಯಡಿಕೆ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಎರಡು ಸಲ ಬಿಟ್ಟೆ ಎಂದು ಹೇಳಬಹುದು. ಮೂರನೆಯ ಸಲ ಬಿಟ್ಟು ಈಗ ಕೆಲವು ವಾರವಾಯಿತು. ಮಂಡಿಯಲ್ಲಿ ಕಚ್ಚದೆ, ಬರೀ ಕಣ್ಣಲ್ಲಿ ನೋಡಿ ಹೇಳುತ್ತೇನೆ. ಶನಿವಾರ ಬಾ ಮಗಾ ಎಂದು ಮಗಳನ್ನು ಮತ್ತೆ ಕರೆದೆ. ಓದೋದಿದೆ ಅಂದಳು. ಈಗ ಹತ್ತನೇ ಕ್ಲಾಸು, ಇರಬಹುದು ಎಂದು ಸುಮ್ಮನಾದೆ.

ಆದರೆ ಒಂದು ಬದಲಾವಣೆ ನನಗೆ ನಿಧಾನಕ್ಕೆ ಗೊತ್ತಾಯಿತು. ಅವಳು ತಾನಾಗಿ ನನಗೆ ಏನನ್ನೂ ಹೇಳುತ್ತಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಕರೆದರೆ ಬರುತ್ತಾಳೆ, ಕೇಳಿದ್ದಕ್ಕೆ ಉತ್ತರ ಇದೆ. "ಹೇಗಿದೆ ಮಗಾ ಬಾಯಿ?" ಎಂದರೆ ಬಂದು ಎದುರು ನಿಂತು ಬಾಯಿ ತೆರೆಯುತ್ತಾಳೆ. "ಉರಿಯತ್ತಾ?" ಎಂದರೆ ಇನ್ನೂ ಅಗಲ ತೆರೆಯುತ್ತಾಳೆ. ಡಾಕ್ಟರು ಹೇಳಿದ್ದು ವಾರಕ್ಕೊಮ್ಮೆ. ನಾನು ದಿನಾ ನೋಡುತ್ತಿದ್ದೆ, ಅದೇ ನನ್ನ ಪ್ರೀತಿ ಎಂದು ತಿಳಿದಿದ್ದೆ. ಟಾರ್ಚಿನ ಬೆಳಕಿನಲ್ಲಿ ಗೆರೆ ಎಣಿಸಿ, ನಿನ್ನೆಗಿಂತ ಕೆಂಪು ಕಡಿಮೆ, ಪರವಾಗಿಲ್ಲ ಎಂದು ತೀರ್ಪು ಕೊಡುತ್ತಿದ್ದೆ. ಅವಳು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದಳು.

ಒಂದು ದಿನ ಶಾಲೆಗೆ ಹೊರಟವಳನ್ನು ತಿಂಡಿಯ ಹೊತ್ತಿಗೆ ನೋಡಿದೆ. ದೋಸೆಯನ್ನು ಒಂದೇ ಕಡೆಯ ಹಲ್ಲಿನಿಂದ ಅಗಿಯುತ್ತಿದ್ದಳು. ಚಟ್ನಿ ಮುಟ್ಟಿರಲಿಲ್ಲ. "ಏನಾಯ್ತು ಮಗಾ?" ಎಂದೆ. ತಟ್ಟೆ ಕೆಳಗಿಟ್ಟು, ಎದ್ದು ಬಂದು, ನನ್ನ ಮುಂದೆ ಬಾಯಿ ತೆರೆದು ನಿಂತಳು. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ. ಎತ್ತರ ನನ್ನ ಭುಜಕ್ಕೆ ಬಂದಿದ್ದಾಳೆ. ಅಷ್ಟು ದೊಡ್ಡ ಹುಡುಗಿ ಬಾಯಿ ತೆರೆದುಕೊಂಡು, ತಪಾಸಣೆಗೆ ನಿಂತವರ ಹಾಗೆ ನಿಂತಿದ್ದಳು. ಇದನ್ನು ಇವಳಿಗೆ ಕಲಿಸಿದವನು ನಾನೇ, ಥೂ, ಅನ್ನಿಸಿತು. ಟಾರ್ಚಿಗೆ ಹೋಗುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಬಾಯಿ ಮುಚ್ಚು ಮಗಾ" ಎಂದೆ. "ನಾನು ನೋಡಲ್ಲ. ನೀನು ಹೇಳು ಸಾಕು."

ಅವಳು ತಕ್ಷಣ ಮುಚ್ಚಲಿಲ್ಲ. ಇದು ಯಾವ ಹೊಸ ಪರೀಕ್ಷೆ ಎಂದು ಯೋಚಿಸಿರಬೇಕು. ಆಮೇಲೆ ಮುಚ್ಚಿ, ಉಗುಳು ನುಂಗಿ, ಎಡಗೆನ್ನೆ ಮುಟ್ಟಿಕೊಂಡಳು.

"ಈ ಕಡೆ, ಹಿಂದಿನ ಹಲ್ಲಿನ ಪಕ್ಕ ಹುಣ್ಣಾಗಿದೆ. ನಾಲ್ಕು ದಿನ ಆಯ್ತು, ತುಂಬಾ ಉರಿಯತ್ತೆ."

"ನಾಲ್ಕು ದಿನದಿಂದ? ದಿನಾ ನೋಡ್ತಿದ್ದೆನಲ್ಲ ನಾನು! ಒಂದು ಮಾತು ಹೇಳ್ಬಾರ್ದಾ?"

"ನೀನು ಕೇಳಿಸ್ಕೊಂಡ್ರೆ ತಾನೇ ಹೇಳೋದು" ಅಂದಳು. "ನೀನು ಬರೀ ನೋಡ್ತಿದ್ದೆ."